ಎಡಗಡೆ ನಮ್ಮದು

ನರ್ಸು ಅವನ ಎಡಹುಬ್ಬಿನ ಮೇಲೆ ನೀಲಿ ಪೆನ್ನಿನಿಂದ ಒಂದು ಬಾಣ ಬರೆದು ಹೋಗಿದ್ದಳು. ಮೊನೆ ಕೆಳಕ್ಕೆ, ಕಣ್ಣಿನ ಕಡೆಗೆ. ಯಾವ ಕಣ್ಣಿಗೆ ಲೇಸರ್ ಎಂದು ಒಳಗಿರುವವರಿಗೆ ಗೊಂದಲವಾಗಬಾರದಂತೆ. ಅವನು ಏನೋ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಗಲ್ಲ ಹಿಡಿದು ಮುಖ ಮೇಲೆತ್ತಿ, ಒಂದು ಹನಿ ಬಿಟ್ಟು, ಕೆನ್ನೆಗಿಳಿದದ್ದನ್ನು ಹತ್ತಿಯಲ್ಲಿ ಒರೆಸಿ, "ಕಣ್ಣುಜ್ಜಬೇಡಿ, ಎದ್ದು ಓಡಾಡಬೇಡಿ, ಕರೀತೀವಿ" ಎಂದು ಪಕ್ಕದ ಮುದುಕಿಯ ಗಲ್ಲಕ್ಕೆ ಕೈ ಹಾಕಿದ್ದಳು. ಇಷ್ಟು ವರ್ಷ ರಸ್ತೆಬದಿಯ ಬಾಣಗಳನ್ನು ತೋರಿಸಿ "ಇದರ ಅರ್ಥ ಏನು, ಹೇಳಿ ನೋಡೋಣ" ಎಂದು ಊರಿನ ಮಂದಿಯನ್ನೆಲ್ಲ ಗೋಳುಹೊಯ್ದುಕೊಂಡವನ ಹಣೆಯ ಮೇಲೇ ಈಗೊಂದು ಬಾಣ. ಎದುರಿನ ಗಾಜಿನ ಬಾಗಿಲಲ್ಲಿ ಅದು ಚೆನ್ನಾಗಿಯೇ ಕಾಣುತ್ತಿತ್ತು. ಆ ಬೆಂಚಿನ ಮೇಲೆ ಕೂತ ಎಲ್ಲರ ಹಣೆಗೂ ಬಾಣ, ಮಾರಾಟಕ್ಕೆ ಹೊಡೆದುಕೊಂಡು ಬಂದ ಕುರಿಗಳ ಬೆನ್ನಿಗೆ ಬಳಿದ ಬಣ್ಣದ ಹಾಗೆ. ಬೆಳಗ್ಗೆಯಿಂದ ಅವನಿಗೆ ಯಾರ ಮೇಲಾದರೂ ರೇಗಬೇಕೆನ್ನಿಸುತ್ತಿತ್ತು, ಯಾರೂ ಸಿಕ್ಕಿರಲಿಲ್ಲ. ಡಾಕ್ಟರಮ್ಮ ಒಳ್ಳೆಯವರು. ನರ್ಸು ತನ್ನ ಕೆಲಸ ತಾನು ಮಾಡುತ್ತಿದ್ದಳು. ಕಣ್ಣಿನ ಮೇಲೆ ರೇಗೋಣವೆಂದರೆ ಅದು ತನ್ನದೇ ಕಣ್ಣು. ಇನ್ನು ಬಲಪಕ್ಕದಲ್ಲಿ ಕೂತಿದ್ದ ಅಣ್ಣ. ಅಣ್ಣನ ಮೇಲೆ ರೇಗುವ ಮಾತೇ ಇರಲಿಲ್ಲ. ಅಪ್ಪ ಹೋದ ಮೇಲೆ ಅಪ್ಪನ ಜಾಗದಲ್ಲಿ ನಿಂತವನು, ಕೈಯಲ್ಲಿ ಏನೂ ಇಲ್ಲದೆ ಡ್ರೈವಿಂಗ್ ಸ್ಕೂಲು ಕಟ್ಟಿದವನು, ಕಲಿಯಲು ಬರುವವರ ಪಾಲಿನ "ದೊಡ್ಡ ಸರ್". ಇವನು ತಲೆ ನರೆತರೂ ಆ ಸ್ಕೂಲಿನ "ಚಿಕ್ಕ ಸರ್".

ಡಾಕ್ಟರಮ್ಮ ಮೊದಲ ದಿನವೇ ಎಲ್ಲ ಬಿಡಿಸಿ ಹೇಳಿದ್ದರು. "ಕಣ್ಣೊಳಗೆ ನೀರು ಹುಟ್ತಾನೇ ಇರುತ್ತೆ, ಹರಿದು ಹೋಗ್ತಾನೇ ಇರಬೇಕು. ನಿಮ್ಮದು ಹೋಗೋ ದಾರಿ ಕಟ್ಟಿಕೊಂಡಿದೆ. ಒತ್ತಡ ಏರಿ ನರ ಸಾಯ್ತಾ ಬಂದಿದೆ. ಲೇಸರ್ ಹಾಕಿದರೆ ಆ ದಾರಿ ಸಡಿಲ ಆಗುತ್ತೆ, ಒತ್ತಡ ಇಳಿಯುತ್ತೆ." ಕಾಣದೇ ಇರೋದು ಮತ್ತೆ ಕಾಣುತ್ತಾ ಎಂದು ಅವನು ಕೇಳಿದ್ದ. "ಹೋದದ್ದು ಬರಲ್ಲ. ಇರೋದನ್ನ ಉಳಿಸಿಕೊಳ್ಳೋಣ" ಎಂದಿದ್ದರು. ಅದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿಸಿದ್ದರು. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖವಿಟ್ಟು ನಡುವಿನ ದೀಪವನ್ನೇ ನೋಡುತ್ತಿರಬೇಕು, ಸುತ್ತಮುತ್ತ ಎಲ್ಲಾದರೂ ಚುಕ್ಕೆ ಬೆಳಕು ಮಿನುಗಿದರೆ ಕೈಯಲ್ಲಿನ ಗುಂಡಿ ಒತ್ತಬೇಕು. ಅವನು ಶ್ರದ್ಧೆಯಿಂದ ಒತ್ತಿ, ಪಾಸಾದೆನೆಂಬ ಸಮಾಧಾನದಲ್ಲಿ ಎದ್ದುಬಂದಿದ್ದ. ಹಾಳೆಯ ಮೇಲೆ ನೋಡಿದರೆ ಎಡಪಕ್ಕಕ್ಕೆಲ್ಲ ಮಸಿ ಚೆಲ್ಲಿತ್ತು, ಬಲಗಣ್ಣಿನ ಹಾಳೆಯಲ್ಲೂ ಅಂಚು ಮಾಸತೊಡಗಿತ್ತು. "ಇಲ್ಲೆಲ್ಲ ಬೆಳಕು ಬಂತು, ನೀವು ಒತ್ತಲಿಲ್ಲ." ಬಂದಿರಲಿಲ್ಲ ಎಂದು ಅವನು ವಾದಿಸಿದ್ದ, ಆ ಹುಡುಗಿ ಟೆಕ್ನಿಷಿಯನ್ ಜೊತೆ, ಯಂತ್ರ ಕೆಟ್ಟಿರಬೇಕು ನೋಡಿ ಎಂದು ದನಿಯೇರಿಸಿ. ಅದೇ ಅವನಿಗೆ ಇನ್ನೂ ಅರಗಿರಲಿಲ್ಲ. ಕಾಣದಿರುವುದು ಕತ್ತಲೆಯಾಗಿಯಾದರೂ ಕಾಣಬೇಡವೇ? ಪರದೆ ಎಳೆದ ಹಾಗೆ, ಮಸಿ ಬಳಿದ ಹಾಗೆ? ಅಂಥದ್ದೇನೂ ಇಲ್ಲ. ಎಡಗಡೆ ಜಗತ್ತು ಎಂದಿನಂತೆ ತುಂಬಿಕೊಂಡೇ ಇತ್ತು. ರಸ್ತೆ ಇದ್ದಲ್ಲಿ ರಸ್ತೆ, ಗೋಡೆ ಇದ್ದಲ್ಲಿ ಗೋಡೆ. ಅದರಲ್ಲಿ ಇರಬೇಕಾದ ಮನುಷ್ಯರು ಮಾತ್ರ ಇರುತ್ತಿರಲಿಲ್ಲ.

ಆ ಮುದುಕ ಇರಲಿಲ್ಲ. ದೇವರಾಣೆಗೂ ಇರಲಿಲ್ಲ. ಸ್ಕೂಲಿನ ಕಾರಿನಲ್ಲಿ ಕಲಿಯುವವರು ಬಲಗಡೆ ಸ್ಟೀರಿಂಗ್ ಹಿಡಿದರೆ ಕಲಿಸುವವನು ಎಡಗಡೆಯ ಸೀಟಿನಲ್ಲಿ, ಕಾಲ ಕೆಳಗೆ ಎರಡನೇ ಬ್ರೇಕು ಇಟ್ಟುಕೊಂಡು ಕೂತಿರುತ್ತಾನೆ. ಹೊಸಬರಿಗೆ ಎಲ್ಲ ಕಡೆ ಒಟ್ಟಿಗೆ ನೋಡುವುದೆಂದರೆ ಕೈಕಾಲು ಆಡುವುದಿಲ್ಲ. ಅದಕ್ಕೇ ಅಣ್ಣ ಹಿಂದೆಯೇ ಒಂದು ಪದ್ಧತಿ ಮಾಡಿದ್ದ. ಶುರುವಿನ ದಿನಗಳಲ್ಲಿ ಕಲಿಯುವವರು ಎದುರಿಗೆ ಮತ್ತು ಬಲಕ್ಕೆ ನೋಡಿಕೊಂಡರೆ ಸಾಕು, "ಬಲಗಡೆ ಸರಿ" ಎನ್ನುತ್ತಾರೆ. ಎಡಕ್ಕೆ ಸರ್ ನೋಡಿ "ಎಡಗಡೆ ಸರಿ" ಎನ್ನುತ್ತಾರೆ. ಎರಡೂ ಸರಿಯಾದ ಮೇಲೆ ಕಾರು ಹೊರಡುತ್ತದೆ. ಬೇರೆ ಯಾವ ಸ್ಕೂಲಿನಲ್ಲೂ ಇಲ್ಲದ ಈ ಪದ್ಧತಿಗೆ ಜನ ಮುಗಿಬಿದ್ದಿದ್ದರು. ಹೆದರುಪುಕ್ಕಲರೆಲ್ಲ ಇವರ ಹತ್ತಿರವೇ ಬರುತ್ತಿದ್ದರು. "ಬಲಗಡೆ ನಿಮ್ಮದು, ಎಡಗಡೆ ನಮ್ಮದು" ಎಂದು ಅಣ್ಣ ಆಫೀಸಿನ ಗೋಡೆಗೂ ಕಾರಿನ ಬೆನ್ನಿಗೂ ದಪ್ಪಕ್ಷರದಲ್ಲಿ ಬರೆಸಿದ್ದ. ಅವತ್ತು ಸ್ಟೀರಿಂಗ್ ಹಿಡಿದಿದ್ದವರು ಕಾಲೇಜಿನ ಲೈಬ್ರರಿ ಮೇಡಂ. ಗೇರು ಕಿರುಗುಟ್ಟಿದರೆ ಕಾರಿಗೇ "ಸಾರಿ" ಹೇಳುವಂಥವರು. ಗಲ್ಲಿಯ ಬಾಯಲ್ಲಿ ನಿಲ್ಲಿಸಿ "ಬಲಗಡೆ ಸರಿ" ಎಂದರು. ಇವನು ತಿರುಗಿ ನೋಡಿ "ಎಡಗಡೆ ಸರಿ" ಎಂದ. ಕಾರು ಒಂದು ಮಾರು ಹೋಗಿತ್ತೋ ಇಲ್ಲವೋ, ಮೇಡಂ ಬ್ರೇಕು ತುಳಿದು ನಿಲ್ಲಿಸಿಬಿಟ್ಟರು. ಇವನ ಪಿತ್ತ ನೆತ್ತಿಗೇರಿತು. "ನಾನು ಸರಿ ಅಂದಮೇಲೆ ನಿಲ್ಲಿಸೋಕೆ ನೀವ್ಯಾರ್ರೀ? ನಿಮಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂದ್ರೆ ಬೇರೆ ಸ್ಕೂಲು ನೋಡ್ಕೊಳ್ಳಿ!" ಎಂದು ಕೂಗಾಡುತ್ತಿರುವಾಗಲೇ ಯಾರೋ ಬಾನೆಟ್ಟಿನ ಮೇಲೆ ಅಂಗೈಯಿಂದ ಬಡಿದರು. ನೋಡಿದರೆ ಮುದುಕ. ಎಡಗೈಯಲ್ಲಿ ಕೋಲು, ಕಣ್ಣಲ್ಲಿ ಕೆಂಡ. ಎಲ್ಲಿಂದ ಬಂದ ಇವನು? ನೆಲ ಬಿರಿದು ಮೇಲೆದ್ದನೇ? "ಹಾರಿ ಬಂದುಬಿಟ್ಟ ನೋಡಿ, ಇಂಥವರಿಂದಲೇ ಆಕ್ಸಿಡೆಂಟ್ ಆಗೋದು" ಎಂದು ಬಿಟ್ಟಿದ್ದ. ಕೋಲೂರಿ ನಡೆಯುವವನು ಹಾರಿ ಬರುವುದುಂಟೇ? ಮೇಡಂ ಅದನ್ನು ನಂಬಿದರೋ ಬಿಟ್ಟರೋ, ಮೊದಲು ಮುದುಕನಿಗೆ, ಆಮೇಲೆ ಇವನಿಗೆ "ಸಾರಿ" ಹೇಳಿದರು. ಅವತ್ತು ಸಂಜೆ ಕನ್ನಡಕ ಬದಲಾಯಿಸಬೇಕೇನೋ ಎಂದು ಅಂಗಡಿಗೆ ಹೋದದ್ದು, ಅಂಗಡಿಯವನು ಆಸ್ಪತ್ರೆಗೆ ಹೋಗಿ ಎಂದದ್ದು. ಆಮೇಲೂ ಕ್ಲಾಸು ನಿಲ್ಲಿಸಿರಲಿಲ್ಲ. ಗೂಬೆಯ ಹಾಗೆ ಕತ್ತನ್ನು ಪೂರಾ ತಿರುಗಿಸಿ, ಒಂದಕ್ಕೆರಡು ಸಲ ನೋಡಿ, ಇವತ್ತಿನ ಬೆಳಗಿನವರೆಗೂ "ಎಡಗಡೆ ಸರಿ" ಎನ್ನುತ್ತಲೇ ಇದ್ದ.

"ಯಾಕೋ ಮುಖ ಬಾಡಿದೆ?" ಎಂದ ಅಣ್ಣ, ತೊಡೆಯ ಮೇಲೆ ಕೈಯಿಟ್ಟು. "ಹೆದರಬೇಡ ಕಣೋ. ಏನೂ ಆಗಲ್ಲ. ಗದ್ದ ಇಡು ಅಂತಾರೆ, ಇಡು. ಹಿಂದಿನಿಂದ ತಲೆಗೊಂದು ಪಟ್ಟಿ ಬಿಗೀತಾರೆ. ಕಣ್ಣಿಗೆ ಒಂದು ಗಾಜು ಒತ್ತುತಾರೆ, ಅಂಟಂಟಾಗಿರುತ್ತೆ, ಗಾಬರಿ ಬೀಳಬೇಡ. ಆಮೇಲೆ ಹಸಿರು ಬೆಳಕು, ಟಿಕ್ ಟಿಕ್ ಅನ್ನುತ್ತೆ ಅಷ್ಟೆ. ನೋವಿಲ್ಲ ಏನಿಲ್ಲ. ಉಗುಳು ನುಂಗೋಕೆ ಮಾತ್ರ ಹೋಗಬೇಡ, ತಲೆ ಅಲ್ಲಾಡುತ್ತೆ, ಬೈತಾರೆ." ಅಣ್ಣ ಹೇಳುತ್ತ ಹೋದ. ಅವನ ದನಿಯಲ್ಲಿ ಚಿಕ್ಕಂದಿನಲ್ಲಿ ಈಜು ಕಲಿಸುವಾಗಿನ ಅದೇ ಪ್ರೀತಿ ಇತ್ತು, ಇವನು ಅರ್ಧ ಕೇಳಿಸಿಕೊಂಡು ತಲೆದೂಗುತ್ತಿದ್ದ. ಬೈತಾರೆ. ಯಾರನ್ನು ಬೈದರು? ಇವನು ನಿಧಾನವಾಗಿ ಕತ್ತು ತಿರುಗಿಸಿ ಅಣ್ಣನ ಮುಖ ನೋಡಿದ. ಅಣ್ಣನ ಬಾಯಿ ಅಲ್ಲಿಗೇ ನಿಂತಿತು.

"ನಿನಗೆ ಹೇಗೆ ಗೊತ್ತು?"

"ಯಾರೋ ಹೇಳ್ತಿದ್ರು."

"ಯಾರು?"

ಅಣ್ಣ ಹುಳ್ಳಗೆ ನಕ್ಕ. ಕರ್ಚೀಫು ತೆಗೆದು ಮುಖ ಒರೆಸಿಕೊಂಡ. ಬೆನ್ನಿನ ಹಿಂದೆ ಇಟ್ಟುಕೊಂಡಿದ್ದ ಸಣ್ಣ ದಿಂಬನ್ನು ಸರಿಮಾಡಿಕೊಂಡ. ಬೆನ್ನುನೋವು ಶುರುವಾದಾಗಿನಿಂದ ಎಲ್ಲಿ ಹೋದರೂ ಅವನ ಕಂಕುಳಲ್ಲಿರುತ್ತಿದ್ದ, ಅತ್ತಿಗೆ ಹೊಲಿದುಕೊಟ್ಟ ದಿಂಬು. ಇವನು ಆ ದಿಂಬನ್ನೇ ನೋಡಿದ. ಇಷ್ಟು ವರ್ಷ ದಿನಾ ನೋಡಿದ್ದನ್ನು ಈಗ ಮೊದಲ ಸಲ ನೋಡುತ್ತಿದ್ದಾನೆ. ಆ ದಿಂಬಿನೊಳಗೆ ಹತ್ತಿಯಿಲ್ಲ, ಬರೀ ಸುಳ್ಳು. ರೇಗಲು ಬೆಳಗ್ಗೆಯಿಂದ ಯಾರೂ ಸಿಕ್ಕಿರಲಿಲ್ಲವಲ್ಲ, ಸಿಕ್ಕಿದ. ಬೆನ್ನಿನ ಹೆಸರಿನಲ್ಲಿ ಕಾರಿನಿಂದಿಳಿದು ಆಫೀಸಿನ ಕುರ್ಚಿ ಹಿಡಿದ ದಿನ ಅಣ್ಣ ಎಲ್ಲರೆದುರು ಕೀಲಿಗೊಂಚಲನ್ನು ಇವನ ಅಂಗೈಯಲ್ಲಿಟ್ಟು "ಇನ್ನು ಕಾರು ನಿಂದು ಕಣೋ" ಎಂದಿದ್ದ. ಇವನ ಕಣ್ಣಲ್ಲಿ ನೀರಾಡಿತ್ತು. ಆ ಸಂಜೆ ಹೆಂಡತಿಗೆ "ಅಣ್ಣ ಅಂದ್ರೆ ಹೀಗಿರಬೇಕು" ಎಂದು ಹತ್ತು ಸಲ ಹೇಳಿದ್ದ. ಬೆಪ್ಪುತಕ್ಕಡಿ. ಅತ್ತಿಗೆ ರಸ್ತೆಯಲ್ಲಿ ಯಾವಾಗಲೂ ಗಂಡನ ಎಡಗಡೆಗೇ ಬಂದು ಮೊಣಕೈ ಹಿಡಿದುಕೊಳ್ಳುತ್ತಿದ್ದರು. ಊಟಕ್ಕೆ ಕೂತರೆ ಲೋಟವನ್ನು ಅಣ್ಣನ ಮೂಗಿನ ನೇರಕ್ಕೇ ಇಡುತ್ತಿದ್ದರು, ಪಕ್ಕಕ್ಕಲ್ಲ. ಅದನ್ನು ತೋರಿಸಿ ಇವನು ತನ್ನ ಹೆಂಡತಿಗೆ ಚುಚ್ಚುತ್ತಿದ್ದ, "ಅತ್ತಿಗೇನ ನೋಡಿ ಕಲ್ತ್ಕೋ, ಗಂಡನನ್ನ ಹೇಗೆ ನೋಡ್ಕೋಬೇಕು ಅಂತ." ಅವಳು "ಆ ವಯಸ್ಸಿಗೆ ನಂಗೂ ಬರುತ್ತೆ ಬಿಡಿ" ಎಂದು ನಗುತ್ತಿದ್ದಳು, ಒಮ್ಮೆ ಮಾತ್ರ ನಗದೆ ಅಡುಗೆಮನೆಗೆ ಹೋಗಿಬಿಟ್ಟಿದ್ದಳು. ಕನ್ನಡಕದ ಅಂಗಡಿಯಿಂದ ಬಂದು ಇವನು ವಿಷಯ ಹೇಳಿದಾಗ ಅಣ್ಣ ಗಾಬರಿಯಾಗಿರಲಿಲ್ಲ. ಈ ಆಸ್ಪತ್ರೆಯ ಹೆಸರು ಹೇಳಿ, ಮೂರನೇ ಮಹಡಿ ಎಂದೂ ಹೇಳಿದ್ದ. ಮಹಡಿ ಹೇಗೆ ಗೊತ್ತು ಎಂದು ಆಗಲೇ ಕೇಳಬೇಕಿತ್ತು.

"ನಿನಗೂ ಇದೆ" ಎಂದ ಇವನು. ಪ್ರಶ್ನೆಯಾಗಿರಲಿಲ್ಲ.

"ಮೆಲ್ಲಗೆ."

"ಎಷ್ಟು ವರ್ಷದಿಂದ?"

"ಮೆಲ್ಲಗೆ ಮಾತಾಡೋ, ಜನ ನೋಡ್ತಿದಾರೆ" ಎಂದು ಅಣ್ಣ ಸುತ್ತ ನೋಡಿದ, ಕತ್ತನ್ನು ಪೂರಾ ತಿರುಗಿಸಿ. ಗೂಬೆಯ ಹಾಗೆ. ಅಷ್ಟರಲ್ಲಿ ಒಳಗಿನಿಂದ ಇವನನ್ನು ಕರೆದರು.

ಗದ್ದ ಇಡಿ ಎಂದರು, ಇಟ್ಟ. ಹಿಂದಿನಿಂದ ತಲೆಗೆ ಪಟ್ಟಿ ಬಿಗಿದರು. ಅಣ್ಣ ಹೇಳಿದ ಹಾಗೆಯೇ. ಕಣ್ಣಿಗೆ ಮರಗಟ್ಟುವ ಹನಿ ಹಾಕಿ, ಅಂಟಂಟಾದ ಒಂದು ಗಾಜನ್ನು ರೆಪ್ಪೆಗಳ ನಡುವೆ ಒತ್ತಿ ಕೂರಿಸಿದರು. ಅಣ್ಣ ಹೇಳಿದ ಹಾಗೆಯೇ. ಒಂದೊಂದು ನಿಜವೂ ಮುಖಕ್ಕೆ ಹೊಡೆದಂತೆ ಬರುತ್ತಿತ್ತು. ಹಾಗಿದ್ದರೆ ಅಣ್ಣನೂ ಇದೇ ಸ್ಟೂಲಿನ ಮೇಲೆ ಕೂತಿದ್ದ, ಇದೇ ಪಟ್ಟಿಗೆ ತಲೆ ಕೊಟ್ಟಿದ್ದ, ಉಗುಳು ನುಂಗಿ ಬೈಸಿಕೊಂಡಿದ್ದ. ಆಮೇಲೆ ಮನೆಗೆ ಬಂದು, ಕೈಕಾಲು ತೊಳೆದು, ತಮ್ಮನ ಜೊತೆ ಊಟಕ್ಕೆ ಕೂತು, ಇವತ್ತು ಎಷ್ಟು ಜನ ಬಂದಿದ್ದರು ಕ್ಲಾಸಿಗೆ ಎಂದು ಕೇಳಿದ್ದ. "ಮೈ ಯಾಕಿಷ್ಟು ಬಿಗಿ ಮಾಡಿದೀರಿ?" ಎಂದರು ಯಂತ್ರದ ಆಚೆಗಿದ್ದ ಡಾಕ್ಟರಮ್ಮ. "ಭಯಾನಾ?" ಭಯ ಅಲ್ಲ ಎಂದು ಹೇಳಲು ಬಾಯಿ ತೆರೆದರೆ ಗದ್ದ ಅಲ್ಲಾಡುತ್ತದೆ. "ಹಲ್ಲು ಕಚ್ಚಬೇಡಿ. ಸುಮ್ಮನೆ ನೇರ ನೋಡ್ತಾ ಇರಿ." ಟಿಕ್. ಹಸಿರು. ಟಿಕ್. ಮತ್ತೆ ಹಸಿರು. ಸಿಗ್ನಲ್ಲಿನ ಹಸಿರಲ್ಲ ಇದು. ಅದು ಹೋಗು ಎನ್ನುತ್ತದೆ, ಇದು ಕದಲಬೇಡ ಎನ್ನುತ್ತಿತ್ತು. ನೋವಿರಲಿಲ್ಲ. ನೋವಾದರೂ ಇರಬಾರದಿತ್ತೇ ಎನ್ನಿಸಿತು. ನೋವಿದ್ದಿದ್ದರೆ ಆ ಮುದುಕನಿಗಿಂತ ಎಷ್ಟೋ ಮುಂಚೆ ಓಡಿ ಬಂದಿರುತ್ತಿದ್ದ. ನೋವಿಲ್ಲದೆ, ಸದ್ದಿಲ್ಲದೆ, ಮನೆಯವನ ಹಾಗೆ ಒಳಗೇ ಇದ್ದುಕೊಂಡು ತಿಂದುಹಾಕುವುದಕ್ಕೆ ಏನೆನ್ನಬೇಕು? ಟಿಕ್. ಟಿಕ್. ಟಿಕ್. ಉಗುಳು ಗಂಟಲಲ್ಲಿ ತುಂಬಿ ನಿಂತಿತ್ತು, ನುಂಗಲಿಲ್ಲ. ಅಣ್ಣನ ಮಾತನ್ನು ಈಗಲೂ ಪಾಲಿಸುತ್ತಿದ್ದೇನಲ್ಲ ಎಂದು ಮೈ ಉರಿಯಿತು.

ಗಾಜು ತೆಗೆದು, ಕಣ್ಣು ತೊಳೆದು, ಕೈಗೊಂದು ಟಿಶ್ಯೂ ಕೊಟ್ಟರು. ಎದುರಿನದೆಲ್ಲ ಹಾಲು ಚೆಲ್ಲಿದ ಹಾಗಿತ್ತು. "ಮಬ್ಬು ಸ್ವಲ್ಪ ಹೊತ್ತಿನಲ್ಲಿ ಹೋಗುತ್ತೆ. ಹೊರಗೆ ಕೂತಿರಿ, ಇನ್ನೊಂದು ಸಲ ಒತ್ತಡ ನೋಡಿ ಕಳಿಸ್ತೀನಿ. ಇವತ್ತು ಗಾಡಿ ಓಡಿಸಬೇಡಿ. ಲೇಸರ್‌ನ ಗುಣ ಗೊತ್ತಾಗೋಕೆ ಕೆಲವು ವಾರ ಬೇಕು" ಎಂದ ಡಾಕ್ಟರಮ್ಮ ಏನೋ ಬರೆಯುತ್ತ ಕೇಳಿದರು, "ಮನೇಲಿ ಬೇರೆ ಯಾರಿಗೂ ಈ ತೊಂದರೆ ಇಲ್ಲ ಅಂದಿದ್ರಿ, ಅಲ್ವಾ?"

"ಇದೆ. ಅಣ್ಣನಿಗೆ. ಹೊರಗೆ ಕೂತಿದಾನೆ."

ಅವರ ಪೆನ್ನು ನಿಂತಿತು. "ಎಲ್ಲಿ ತೋರಿಸ್ತಾರೆ?"

"ಇಲ್ಲೇ ಅಂತ ಕಾಣುತ್ತೆ. ಲೇಸರ್ರೂ ಆಗಿದೆ."

"ಇಲ್ಲೇ ಅಂದ್ರೆ ಹೇಳಿರಲೇಬೇಕಲ್ಲ. ಎಲ್ಲರಿಗೂ ಹೇಳ್ತೀವಿ. ಒಡಹುಟ್ಟಿದವರನ್ನ, ಮಕ್ಕಳನ್ನ ಕರೆದುಕೊಂಡು ಬನ್ನಿ, ಈಗಲೇ ನೋಡಿಬಿಡೋಣ ಅಂತ. ಆಗಲೇ ಬಂದಿದ್ರೆ..." ಡಾಕ್ಟರಮ್ಮ ಮಾತು ಪೂರ್ತಿ ಮಾಡಲಿಲ್ಲ. ಒಳ್ಳೆಯವರು. "ಮಗಳಿದಾಳೆ ಅಂದಿದ್ರಲ್ಲ, ಅವಳನ್ನೂ ಒಂದು ಸಲ ಕರೆದುಕೊಂಡು ಬನ್ನಿ."

ಹೊರಗೆ ಅಣ್ಣ ಎರಡು ಲೋಟ ಚಹಾ ತಂದಿಟ್ಟುಕೊಂಡು ಕಾದಿದ್ದ. ಇವನು ಕೂತ. ಚಹಾ ಮುಟ್ಟಲಿಲ್ಲ. ಮಬ್ಬಿನಲ್ಲಿ ಅಣ್ಣನ ಮುಖಕ್ಕೆ ಕಣ್ಣು ಮೂಗು ಸರಿಯಾಗಿ ಇರಲಿಲ್ಲ, ಅದೇ ಅನುಕೂಲವಾಯಿತು. ಆ ಮುಖ ಸ್ಪಷ್ಟವಾಗಿ ಕಂಡಿದ್ದರೆ ಇವನಿಗೆ ಮಾತೇ ಹೊರಡುತ್ತಿರಲಿಲ್ಲವೇನೋ. "ನನ್ನನ್ನ ಕರೆದುಕೊಂಡು ಬಾ ಅಂತ ನಿನಗೆ ಹೇಳಿದ್ರಂತೆ" ಎಂದ.

"ಹೇಳಿದ್ರು."

"ಮತ್ತೆ?"

"ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..." ಅಣ್ಣ ಲೋಟ ತಿರುಗಿಸುತ್ತ ಕೂತ. "ನಿಂಗೆ ಹೇಳಿದ್ರೆ ನೀನು ನಿನ್ನ ಹೆಂಡ್ತಿಗೆ ಹೇಳ್ತೀಯ. ಅವಳು ಅವಳ ತಂಗಿಗೆ ಹೇಳ್ತಾಳೆ. ವಾರದಲ್ಲಿ ಊರಿಗೆಲ್ಲ ಗೊತ್ತಾಗುತ್ತೆ. ಕಣ್ಣಿಲ್ಲದವನ ಹತ್ರ ಡ್ರೈವಿಂಗ್ ಕಲಿಯೋಕೆ ಯಾರೋ ಬರ್ತಾರೆ? ಸ್ಕೂಲಿಗೆ ಬೀಗ ಹಾಕ್ಬೇಕಾಗ್ತಿತ್ತು. ನಿನ್ನ ಸಂಸಾರಾನೂ ಅದರಲ್ಲೇ ಅಲ್ವಾ ನಡೆದಿದ್ದು?"

"ನನ್ನ ಸಂಸಾರಕ್ಕೋಸ್ಕರ ನನ್ನ ಕಣ್ಣು ತೆಗೆದೆ."

"ಹಾಗನ್ನಬೇಡ್ವೋ. ನಿಂಗೂ ಬರುತ್ತೆ ಅಂತ ನಾನೇನು ಕನಸು ಕಂಡಿದ್ನಾ? ನೀನು ಗಟ್ಟಿಮುಟ್ಟಾಗಿದ್ದೆ. ಬರಲಿಕ್ಕಿಲ್ಲ ಅಂದ್ಕೊಂಡೆ."

"ನೀನು ಇಳಿದ ಮೇಲೆ ನಿನ್ನ ಜಾಗದಲ್ಲಿ ಕೂರೋರು ಯಾರು ಅಂತ ಯೋಚನೆ ಮಾಡ್ದೆ ಅನ್ನು. ಎಡಗಡೆ ಯಾರಾದ್ರೂ ಕೂರಬೇಕಲ್ಲ. ತಮ್ಮ ಇದ್ನಲ್ಲ."

ಅಣ್ಣ ಕರ್ಚೀಫು ತೆಗೆದ. ಅಳುತ್ತಿದ್ದನೋ ಬೆವರು ಒರೆಸಿಕೊಂಡನೋ ಮಬ್ಬಿನಲ್ಲಿ ತಿಳಿಯಲಿಲ್ಲ, ತಿಳಿದುಕೊಳ್ಳುವ ಮನಸ್ಸೂ ಇವನಿಗಿರಲಿಲ್ಲ. ಈಜು ಕಲಿಸುವಾಗ ಅಣ್ಣ ಹೊಟ್ಟೆಯ ಕೆಳಗೆ ಕೈ ಕೊಟ್ಟು "ಬಿಡಲ್ಲ ಕಣೋ, ಬಿಡಲ್ಲ" ಎನ್ನುತ್ತಲೇ ಯಾವಾಗಲೋ ಕೈ ತೆಗೆದುಬಿಟ್ಟಿದ್ದ. ಇವನು ನೀರು ಕುಡಿದು, ಕೆಮ್ಮಿ, ದಡಕ್ಕೆ ಬಂದು, ಅಣ್ಣನನ್ನು ತಬ್ಬಿಕೊಂಡಿದ್ದ. ಕೈ ಬಿಟ್ಟವನನ್ನೇ ತಬ್ಬಿಕೊಳ್ಳುವುದು ಆಗಲೇ ಅಭ್ಯಾಸವಾಗಿತ್ತು. ಈಗಲೂ, ಇಷ್ಟಾದ ಮೇಲೂ, ಅಣ್ಣ ಒಂದು ಸಲ "ತಪ್ಪಾಯ್ತು" ಎಂದರೆ ತಾನು ಕರಗಿಹೋಗಬಹುದೆಂದು ಇವನಿಗೆ ಭಯವಾಯಿತು. ಅಣ್ಣ ಅದನ್ನು ಹೇಳಲಿಲ್ಲ. ಕರ್ಚೀಫು ಮಡಚಿ ಜೇಬಿಗಿಟ್ಟುಕೊಂಡು, ಬೇರೆಯೇ ದನಿಯಲ್ಲಿ, ಆಫೀಸಿನ ಕುರ್ಚಿಯ ದನಿಯಲ್ಲಿ, ಹೇಳಿದ: "ನೋಡು, ವಾಪಸ್ ಹೋಗೋಕೆ ಲೈಬ್ರರಿ ಮೇಡಂಗೆ ಬರೋಕೆ ಹೇಳಿದೀನಿ. ಅವರ ಇವತ್ತಿನ ಕ್ಲಾಸೂ ಆದಂಗಾಯ್ತು, ನಮ್ಮನ್ನ ಮನೆ ಮುಟ್ಟಿಸಿದಂಗೂ ಆಯ್ತು. ನಿನ್ನ ಕಣ್ಣಿಗೆ ಧೂಳು ಬಿದ್ದಿತ್ತು, ತೆಗೆಸಿದ್ವಿ ಅಂತ ಹೇಳಿದೀನಿ. ಅಷ್ಟೇ ಇರಲಿ. ನಾಳೆಯಿಂದ ನಿಂಗೂ ಏನಾದ್ರೂ ಒಂದು ನೆಪ ನೋಡೋಣ. ಬೆನ್ನು ಬೇಡ, ಒಂದೇ ಥರ ಆಗುತ್ತೆ. ಮಂಡಿ ಅನ್ನೋಣ."

ಮಂಡಿ. ಇವನಿಗೆ ನಗು ಬಂತು, ಬಂದದ್ದು ನಗುವಾಗಿ ಹೊರಬರಲಿಲ್ಲ. ಅತ್ತಿಗೆ ಮಂಡಿಗೊಂದು ದಿಂಬು ಹೊಲಿದುಕೊಡುತ್ತಾರೆ. ಕೀಲಿಗೊಂಚಲು ಇನ್ಯಾರದೋ ಅಂಗೈಗೆ ಹೋಗುತ್ತದೆ. ಯಾರದು? ಮಗಳು ಹೋದ ತಿಂಗಳಷ್ಟೇ, ಪರೀಕ್ಷೆ ಮುಗಿದ ಮೇಲೆ ನಾನೂ ಕ್ಲಾಸು ತಗೋತೀನಿ ಅಪ್ಪ, ದೊಡ್ಡಪ್ಪ ಆಗಲೇ ಹ್ಞೂಂ ಅಂದಿದಾರೆ, ಎಂದು ಕುಣಿದಿದ್ದಳು. ಒಳಗಿನಿಂದ ಮತ್ತೆ ಕರೆದರು. ಒತ್ತಡ ನೋಡಿ, ಏರಿಲ್ಲ, ಮನೆಗೆ ಹೋಗಿ ಎಂದರು. ಏರಿಲ್ಲವಂತೆ. ಆ ಯಂತ್ರಕ್ಕೆ ಏನು ಗೊತ್ತು?

ಆಸ್ಪತ್ರೆಯ ಹಿಂದಿನ ಅಂಗಳದಲ್ಲಿ, ಬೆಳಗ್ಗೆ ಇವನೇ ತಂದು ನಿಲ್ಲಿಸಿದ್ದ ಕಾರಿನ ಪಕ್ಕದಲ್ಲಿ ಮೇಡಂ ಕೈಚೀಲ ಎದೆಗವಚಿಕೊಂಡು ನಿಂತಿದ್ದರು. "ಕಣ್ಣು ಹೇಗಿದೆ ಸರ್? ಧೂಳು ಅಂದ್ರೆ ಸಾಮಾನ್ಯ ಅಲ್ಲ, ನಮ್ಮ ಲೈಬ್ರರೀಲೂ..." ಎಂದು ಶುರುಮಾಡಿ, ಇವನ ಹುಬ್ಬಿನ ಮೇಲಿನ ಬಾಣ ನೋಡಿ ಸುಮ್ಮನಾದರು. ಅದನ್ನು ಒರೆಸುವುದು ಯಾರಿಗೂ ಹೊಳೆದಿರಲಿಲ್ಲ. ಅಣ್ಣ ಹಿಂದಿನ ಬಾಗಿಲು ತೆರೆದು ದಿಂಬು ಒಳಗಿಟ್ಟ. ಮುಂದೆ ಅವನೇ ಕೂರಬಹುದಿತ್ತು. ಬೋರ್ಡಿನ ಮೇಲೆ ಇರುವುದು ಅವನ ಹೆಸರು. "ನೀನೇ ಕೂತ್ಕೋ ಮುಂದೆ" ಎಂದ ಇವನ ಕಿವಿಯಲ್ಲಿ, "ಎರಡನೇ ಬ್ರೇಕು ನಿನ್ನ ಕಾಲಿಗೆ ಅಭ್ಯಾಸ. ಇಷ್ಟು ದೂರ ತಾನೆ. ಸುಮ್ಮನೆ ಸರಿ ಸರಿ ಅಂತಿರು, ಮೇಡಂ ನಿಧಾನ ಹೋಗ್ತಾರೆ." ಇವನು ಕೂತ. ಯಾಕೆ ಕೂತೆನೆಂದು ಆಮೇಲೆ ಎಷ್ಟು ಯೋಚಿಸಿದರೂ ಅವನಿಗೆ ತಿಳಿಯಲಿಲ್ಲ. ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗಿ ಕೂತಿತು. ಕಾರು ಒಂದೆರಡು ಸಲ ಜಗ್ಗಿ, ನಿಂತು, "ಸಾರಿ" ಕೇಳಿಸಿಕೊಂಡು, ಅಂಗಳದಿಂದ ಗಲ್ಲಿಗೆ ಬಂತು. ಎದುರಿನ ಗಾಜು ಅರ್ಧ ಹಾಲು, ಅರ್ಧ ಬಿಸಿಲು. ಗಲ್ಲಿಯ ಎರಡೂ ಕಡೆ ಗೋಡೆ, ಕೊನೆಯಲ್ಲಿ ದೊಡ್ಡ ರಸ್ತೆ. ಹಿಂದಿನ ಸೀಟಿನಲ್ಲಿ ಅಣ್ಣ ಗಂಟಲು ಸರಿಮಾಡಿಕೊಂಡು, ಈಗ ಲೈಬ್ರರಿಗೆ ಬಂದು ಓದುವವರು ಕಡಿಮೆಯಂತೆ, ಅಲ್ವಾ ಮೇಡಂ, ಎಂದು ಕೇಳುತ್ತಿದ್ದ. ಏನೂ ಆಗದವನ ಹಾಗೆ.

ಗಲ್ಲಿಯ ಬಾಯಲ್ಲಿ ಮೇಡಂ ಕಾರು ನಿಲ್ಲಿಸಿದರು. ಮೂಗು ಗಾಜಿಗೆ ತಾಗುವಂತೆ ಬಗ್ಗಿ ಬಲಕ್ಕೆ ನೋಡಿ, ಕಲಿಸಿದ ಪಾಠ ಒಪ್ಪಿಸುವವರ ಹಾಗೆ "ಬಲಗಡೆ ಸರಿ ಸರ್" ಎಂದು ಇವನಿಗಾಗಿ ಕಾದರು. ಇವನು ಎಡಕ್ಕೆ ಕತ್ತು ತಿರುಗಿಸಿದ. ಗೋಡೆ, ರಸ್ತೆ, ಒಂದು ಮರದ ಬುಡ. ಎಲ್ಲದರ ಮೇಲೂ ಹಾಲು. ಯಾರೂ ಇರಲಿಲ್ಲ. ಅವತ್ತೂ ಯಾರೂ ಇರಲಿಲ್ಲ. ಹಿಂದೆ ಯಾರೋ ಹಾರನ್ ಹೊಡೆದರು, ಮತ್ತೆ ಹೊಡೆದರು. ಆಗ ಹಿಂದಿನ ಸೀಟಿನಿಂದ, ಎಷ್ಟೋ ವರ್ಷ ಆ ಮಾತನ್ನು ಹೇಳಿ ಪಳಗಿದ ದನಿ, ಕಿಟಕಿಯ ಕಡೆ ತಿರುಗಿಯೂ ನೋಡದೆ, ನಿರಾಳವಾಗಿ ಹೇಳಿತು: "ಎಡಗಡೆ ಸರಿ. ಹೊರಡಿ ಮೇಡಂ."

ಮೇಡಂ ಕ್ಲಚ್ಚು ಬಿಟ್ಟರು. ಇವನು ಎರಡನೇ ಬ್ರೇಕನ್ನು ಬಲವಾಗಿ ತುಳಿದ. ಕಾರು ಮುಗ್ಗರಿಸಿ ಆಫ್ ಆಯಿತು. ಅಣ್ಣನ ತಲೆ ಮುಂದಿನ ಸೀಟಿಗೆ ಬಡಿಯಿತು.

"ಏನಾದ್ರೂ ಬಂತಾ ಸರ್?" ಎಂದರು ಮೇಡಂ.

"ಗೊತ್ತಿಲ್ಲ."

"ಅಂದ್ರೆ?"

"ನನಗೆ ಎಡಗಡೆ ಕಾಣಲ್ಲ. ಸರಿ ಅಂದ್ರಲ್ಲ ಹಿಂದೆ ಕೂತಿರೋರು, ಅವರಿಗೂ ಕಾಣಲ್ಲ. ಅವರಿಗೆ ನನಗಿಂತ ಮುಂಚಿನಿಂದಲೂ ಕಾಣಲ್ಲ."

"ಏಯ್, ಏನು ಮಾತಾಡ್ತಿದೀಯಾ? ಮೇಡಂ, ಅವನಿಗೆ ಔಷಧಿ ಮಂಪರು..."

"ಬಾಯಿ ಮುಚ್ಚು, ಅಣ್ಣ."

ಹುಟ್ಟಿದಾಗಿನಿಂದ ಅಣ್ಣನಿಗೆ ಇವನು ಹೀಗೆ ಅಂದಿರಲಿಲ್ಲ. ಸ್ಕೂಲು ಮುಗಿಯಿತು, ಈ ಗಳಿಗೆಗೆ, ಈ ಗಲ್ಲಿಯ ಬಾಯಲ್ಲಿ, ಎಂದು ಇವನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಹಿಂದಿನ ಹಾರನ್ನು ನಿಲ್ಲುತ್ತಲೇ ಇರಲಿಲ್ಲ. ಹೊಡೆಯಲಿ ಬಡ್ಡೀಮಗ. ಇವನು ಸೀಟಿನ ಹಿಡಿ ಎಳೆದು ಬೆನ್ನನ್ನು ಆದಷ್ಟು ಹಿಂದಕ್ಕೆ ಒರಗಿಸಿದ, ತಲೆಯನ್ನೂ ಒತ್ತಿ ಹಿಡಿದ. "ನಾನು ಅಡ್ಡ ಇರಲ್ಲ. ನೀವೇ ನೋಡಿ. ನಿಧಾನವಾಗಿ ನೋಡಿ, ಅವಸರ ಇಲ್ಲ."

ಮೇಡಂ ಅವನ ಮುಂದೆ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಉಸಿರು ಇವನಿಗೆ ಕೇಳಿಸುತ್ತಿತ್ತು.

"ಒಬ್ಬರು ಬರ್ತಿದಾರೆ ಸರ್" ಎಂದರು ಸಣ್ಣ ದನಿಯಲ್ಲಿ, "ಮಗು ಕೈ ಹಿಡ್ಕೊಂಡು. ಹೋಗಲಿ."

"ಎಲ್ಲಿ?" ಎಂದ ಅಣ್ಣ ಹಿಂದಿನಿಂದ.

ಇವನು ಎಡಕ್ಕೇ ನೋಡುತ್ತಿದ್ದ. ಗೋಡೆ, ರಸ್ತೆ, ಮರದ ಬುಡ. "ಎಲ್ಲಿ? ಯಾರು?" ಎಂದು ಅಣ್ಣ ಮತ್ತೆ ಕೇಳಿದ, ಈ ಸಲ ದೊಡ್ಡ ಸರ್‌ನ ದನಿಯಲ್ಲಲ್ಲ. ಆಮೇಲೆ ಗಾಜಿನ ನಡುವಿಗೆ, ಎಲ್ಲಿಂದಲೋ, ಒಬ್ಬಳು ಹೆಂಗಸು ಬಂದಳು. ಅವಳ ಕೈಗೆ ಜೋತುಬಿದ್ದು ಒಂದು ಹೆಣ್ಣುಮಗು ಬಂತು. ಅದರ ತಲೆ ಬಾನೆಟ್ಟಿಗಿಂತ ತುಸುವೇ ಎತ್ತರವಿತ್ತು. ಮಗು ಕಾರಿನ ಮೇಲಿನ ಬೋರ್ಡು ನೋಡಿತು, ಇವನ ಹಣೆಯ ಬಾಣ ನೋಡಿತು, ಕೈಯೆಳೆದಾಗ ಬಲಕ್ಕೆ ಹೊರಟುಹೋಯಿತು. ಇವನು ಅದು ಮರೆಯಾಗುವವರೆಗೂ ನೋಡಿದ. ಆ ಕಡೆ ಇನ್ನೂ ಕಾಣುತ್ತಿತ್ತು.

ಮೇಡಂ ಕೀಲಿ ತಿರುಗಿಸಿ, ಬಲಕ್ಕೆ ನೋಡಿ, ಮತ್ತೆ ಇವನ ಮುಂದೆ ಬಗ್ಗಿ ಎಡಕ್ಕೆ ನೋಡಿದರು. "ಎಡಗಡೆ ಸರಿ" ಎಂದರು, ತಮಗೇ ಹೇಳಿಕೊಂಡ ಹಾಗೆ. ಇವನು ಎರಡನೇ ಬ್ರೇಕಿನ ಮೇಲಿಂದ ಕಾಲು ತೆಗೆದ.